ತುಂಬಿದ ಟ್ಯಾಂಕಿನ ತೂಕ

"ಬರ್ಕೋ ಲೊರೇನ್. ನನ್ನ ಗಂಡನ್ನ ನಾನೇ ಕೊಂದೆ ಅಂತ ಬರ್ಕೋ. ಸಹಿ ಹಾಕಿ ಮನೆಗೆ ಹೋಗ್ತೀನಿ."

ಮಾರ್ಲಿಸ್ ಝಾಸ್ಟ್ರೋ ಕೋಟು ಕೂಡ ಬಿಚ್ಚದೆ ನನ್ನ ಮೇಜಿನ ಎದುರು ಕೂತಿದ್ದರು. ಬಂದಾಗಿನಿಂದ ಇದೊಂದೇ ಮಾತು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಪೆನ್ನು ಮಾತ್ರ ಕೇಳಿದರು.

ಮಾರ್ಚ್ ಅಂದರೆ ವಸಂತ ಅಂತ ಕ್ಯಾಲೆಂಡರ್ ಹೇಳುತ್ತದೆ. ನಮ್ಮ ಕೀಲ್‌ಮನ್ ಬೇ ಊರಿಗೆ ಆ ಸುದ್ದಿ ಯಾರೂ ಮುಟ್ಟಿಸಿದ ಹಾಗಿಲ್ಲ. ಕಿಟಕಿಯಾಚೆ ಕೊಳಕು ಹಿಮದ ರಾಶಿ, ಅದರಾಚೆ ಸೀಸದ ಬಣ್ಣದ ಸರೋವರ. ನನ್ನ ಎಡಮೊಣಕಾಲು ಎದ್ದಾಗಿನಿಂದ ಹಲ್ಲುನೋವಿನ ಹಾಗೆ ಎಳೆಯುತ್ತಿತ್ತು. ಈ ಠಾಣೆಗೆ ಪತ್ತೇದಾರಿ ಅಂತ ಇರುವವಳು ನಾನೊಬ್ಬಳೇ. ನನಗೂ ಸಾಕಾಗಿಹೋಗಿದೆ, ಮುಚ್ಚಿಟ್ಟುಕೊಂಡು ಏನಾಗಬೇಕು.

ಹೋದ ವಾರ ಶುಕ್ರವಾರ ಸಂಜೆ ನಾರ್ಬರ್ಟ್ ಝಾಸ್ಟ್ರೋ ತನ್ನ ಮನೆಯ ನೆಲಮಾಳಿಗೆಯಲ್ಲಿ, ಬಿಯರ್ ಪೀಪಾಯಿಗಳನ್ನಿಡುವ ತಣ್ಣನೆ ಕೋಣೆಯಲ್ಲಿ, ಉಸಿರುಗಟ್ಟಿ ಸತ್ತು ಬಿದ್ದಿದ್ದರು. ಶಾಲೆಯಲ್ಲಿ ಅರ್ಧ ಊರಿಗೆ ಮರಗೆಲಸ ಕಲಿಸಿದವರು. ನನಗೂ ಕಲಿಸಿದ್ದರು. ನಾನು ಮಾಡಿದ ಹಕ್ಕಿಗೂಡಿಗೆ ಯಾವ ಹಕ್ಕಿಯೂ ಬರಲಿಲ್ಲ ಅನ್ನೋದು ಬೇರೆ ಮಾತು. ನಿವೃತ್ತಿಯಾದ ಮೇಲೂ ನಮಗೆಲ್ಲ ಅವರು ಮೇಷ್ಟ್ರೇ.

ನಮ್ಮ ಕಡೆ ಮನೆಯಲ್ಲಿ ಬಿಯರ್ ಮಾಡುವುದು ಸಾರು ಮಾಡಿದಷ್ಟೇ ಸಹಜ. ಮಾಡಿದ್ದನ್ನು ಸ್ಟೀಲಿನ ಪೀಪಾಯಿಗೆ ತುಂಬಿ, ಪಕ್ಕದಲ್ಲಿ ಸೋಡಾಕ್ಕೆ ಹಾಕುವ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಟ್ಯಾಂಕು ನಿಲ್ಲಿಸಿ, ಅದರ ಬಾಯಿಗೆ ರೆಗ್ಯುಲೇಟರ್ ಬಿಗಿದು, ಒತ್ತಡ ಕೊಟ್ಟರೆ ನೊರೆ ಬರುತ್ತದೆ. ಟ್ಯಾಂಕಿಗೂ ರೆಗ್ಯುಲೇಟರಿಗೂ ನಡುವೆ ಒಂದು ಬಿಳಿ ವಾಷರ್ ಕೂರಬೇಕು. ಅದು ಮರೆತರೆ ಗ್ಯಾಸು ಸೋರುತ್ತದೆ. ಕಿಟಕಿಯಿಲ್ಲದ ಕೋಣೆಯಲ್ಲಿ ಅಷ್ಟು ಗ್ಯಾಸು ಸೋರಿದರೆ ಒಳಗಿದ್ದವನಿಗೆ ಎಚ್ಚರ ತಪ್ಪುವುದು ತನಗೇ ತಿಳಿಯುವುದಿಲ್ಲ.

ಆ ಬೆಳಿಗ್ಗೆ ಟ್ಯಾಂಕು ಬದಲಾಯಿಸಿದ್ದು ಮಾರ್ಲಿಸ್. ನಮ್ಮ ಠಾಣೆಯವರು ರೆಗ್ಯುಲೇಟರ್ ಬಿಚ್ಚಿ ನೋಡಿದಾಗ ವಾಷರ್ ಇರಲಿಲ್ಲ. ಬರುವ ಸೋಮವಾರ ಕಡತ ಮುಚ್ಚಬೇಕಿತ್ತು: ಹೆಂಡತಿಯ ಅಜಾಗರೂಕತೆಯಿಂದ ಆದ ಆಕಸ್ಮಿಕ ಸಾವು. ಜೈಲೇನೂ ಇಲ್ಲ. ಆದರೆ ಆ ಒಂದು ಸಾಲು ಹೊತ್ತುಕೊಂಡು ಆಕೆ ಉಳಿದ ಆಯಸ್ಸು ಕಳೆಯಬೇಕು. ಮಗಳು ಆಗಲೇ ಫೋನ್ ಎತ್ತುವುದನ್ನು ಬಿಟ್ಟಿದ್ದಳು.

"ಅವತ್ತಿನ ದಿನ ಇನ್ನೊಂದು ಸಲ ಹೇಳಿ," ಅಂದೆ.

ಹೇಳಿದರು. ಮೇಷ್ಟ್ರ ಕೈಬೆರಳೆಲ್ಲ ಸಂಧಿವಾತಕ್ಕೆ ಕೊಕ್ಕೆಯ ಹಾಗೆ ಸೊಟ್ಟಗಾಗಿ ವರ್ಷಗಳೇ ಆಗಿದ್ದವು. ಹಿಡಿಯಲಾರರು, ತಿರುಗಿಸಲಾರರು. ಬಿಯರ್ ಮಾಡುವ ತಲೆ ಅವರದು, ಕೈ ಇವರದು. ಬೆಳಿಗ್ಗೆ ತಿಂಡಿಯಾದ ಮೇಲೆ ಖಾಲಿ ಟ್ಯಾಂಕು ತೆಗೆದು ತುಂಬಿದ್ದು ನಿಲ್ಲಿಸಿ ರೆಗ್ಯುಲೇಟರ್ ಬಿಗಿದರು. ಮಧ್ಯಾಹ್ನ ಮೇಷ್ಟ್ರು ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನಿನ ಬಾಟಲಿಯ ಮುಚ್ಚಳ ತೆಗೆದುಕೊಡು ಅಂತ ಕರೆದರು, ತೆಗೆದುಕೊಟ್ಟರು. ಆಮೇಲೆ ನೆಲಮಾಳಿಗೆಯಲ್ಲೇ ಬಟ್ಟೆ ಒಗೆದರು. ಸಂಜೆ ಚರ್ಚಿನ ಶುಕ್ರವಾರದ ಮೀನೂಟಕ್ಕೆ ಕರೆದೊಯ್ಯಲು ಮೇಷ್ಟ್ರ ಹಳೇ ಶಿಷ್ಯ ಡ್ವೇನ್ ಬೆನ್ಕೆ ಬಂದ. ಅವನೇ ಮೊದಲು ಕೆಳಗಿಳಿದ. ಕೆಳಗೆ ಬರಬೇಡಿ, ಆಂಬುಲೆನ್ಸಿಗೆ ಫೋನ್ ಮಾಡಿ ಅಂತ ಕೂಗಿದ. ಅಷ್ಟೇ.

"ಸುಯ್ ಅನ್ನೋ ಸದ್ದು ಕೇಳ್ಲಿಲ್ವಾ?"

"ಆ ಕೋಣೆ ನಲವತ್ತು ವರ್ಷದಿಂದ ಸುಯ್ ಅಂತಾನೇ ಇದೆ ಕಣೇ. ಪೀಪಾಯಿ ಗಾಳಿ ಬಿಡೋದು, ನಲ್ಲಿ ಸೀನೋದು. ಯಾರು ಕಿವಿ ಕೊಡ್ತಾರೆ?"

"ವಾಷರ್ ಹಾಕಿದ್ದು ನೆನಪಿದೆಯಾ?"

ಅವರು ಕೋಟಿನ ಜೇಬಿನಿಂದ ಪೆಪ್ಪರ್‌ಮಿಂಟಿನ ಹಳೇ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಬಿಳಿ ವಾಷರುಗಳು. "ನೆನಪಿಲ್ಲ. ಅದೇ ನನ್ನನ್ನ ತಿಂತಿರೋದು. ಹಳೇದು ಬಿಚ್ಚಿದ ಕೂಡಲೆ ಸವೆದ ವಾಷರ್ ಕೆಳಗೆ ಬೀಳುತ್ತೆ, ಬಿದ್ದ ತಕ್ಷಣ ಹೊಸದು ಹಾಕ್ತೀನಿ. ಅವತ್ತು ಏನೂ ಬೀಳ್ಲಿಲ್ಲ. ಅದಕ್ಕೇ ತಲೆಗೆ ಹೊಳೀಲೇ ಇಲ್ಲ."

"ಏನೂ ಬೀಳ್ಲಿಲ್ಲ?"

"ಹೊಸ ರೆಗ್ಯುಲೇಟರ್ ಅಲ್ವಾ. ಕ್ರಿಸ್‌ಮಸ್‌ಗೆ ನಾನೇ ಕೊಡಿಸಿದ್ದು. ಹಳೇದರ ಒತ್ತಡ ತೋರಿಸೋ ಮುಳ್ಳು ನಡುಗ್ತಿತ್ತು. ಇದನ್ನ ಮೊದಲ ಸಲ ಕೂರಿಸಿದ್ದು ನಾರ್ಬರ್ಟೇ, ಅಳಿಯನ ಕೈಲಿ ಬಿಗಿಸಿ. ನಾನು ಬಿಚ್ಚಿದ್ದು ಅವತ್ತೇ ಮೊದಲು."

ನಾನು ಪೆನ್ನು ಕೆಳಗಿಟ್ಟೆ. ಎದ್ದು ನಿಂತಾಗ ಮೊಣಕಾಲು ನನ್ನ ಜನ್ಮ ಜಾಲಾಡಿತು.

ನನ್ನ ಮನೆಯ ಗ್ಯಾರೇಜಿನಲ್ಲೂ ಎರಡು ಪೀಪಾಯಿಗಳಿವೆ. ಈ ಸಂಸಾರದ ಕಷ್ಟ ನನಗೆ ಗೊತ್ತು. ಮೊದಲ ದಿನವೇ ನಾನು ಈ ಕಡತ ಓದಬೇಕಿತ್ತು. ಆದರೆ ಬರೆದುಕೊಂಡು ಬಂದವರು ಸಾರ್ಜೆಂಟ್, ಅವರಿಗೆ ಹೇಳಿಕೊಟ್ಟವನು ಡ್ವೇನ್. ಊರಿಗೆಲ್ಲ ಗ್ಯಾಸು ತುಂಬಿಸಿಕೊಡುವ ಅಂಗಡಿ ಅವನದು. ಟ್ಯಾಂಕು ಖಾಲಿಯಾಗಿದೆ, ವಾಷರ್ ಇಲ್ಲ ಅಂತ ಅವನು ಅಂದ ಮೇಲೆ ಸಾರ್ಜೆಂಟ್ ಯಾಕೆ ತಲೆ ಕೆಡಿಸಿಕೊಳ್ಳಲಿ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮವರು.

ಪುರಾವೆ ಕೋಣೆಯಲ್ಲಿ ಮೊದಲು ರೆಗ್ಯುಲೇಟರ್ ಕೈಗೆತ್ತಿಕೊಂಡು ಅದರ ಬಾಯನ್ನು ದೀಪಕ್ಕೆ ಹಿಡಿದೆ.

ಹಳೇ ಕಾಲದವುಗಳ ಬಾಯಿ ಬೋಳಾಗಿ ಇರುತ್ತದೆ. ಅದಕ್ಕೇ ಪ್ರತಿ ಸಲ ಹೊಸ ವಾಷರ್ ಬೇಕು. ಇದರ ಬಾಯಲ್ಲಿ ಕಪ್ಪಗೆ, ಸಣ್ಣಗೆ, ಒಂದು ರಬ್ಬರ್ ಬಳೆ ಕೂತಿತ್ತು. ಕಾರ್ಖಾನೆಯಲ್ಲೇ ಕೂರಿಸಿದ್ದು. ಉಗುರಿನಿಂದ ಮುಟ್ಟಿದೆ, ಮೆತ್ತಗೆ ಒತ್ತಿಕೊಂಡಿತು. ಇಂಥದ್ದಕ್ಕೆ ಬೇರೆ ವಾಷರ್ ಬೇಕಾಗಿಲ್ಲ. ಏನೂ ಕೆಳಗೆ ಬೀಳಲಿಲ್ಲ ಯಾಕೆಂದರೆ ಬೀಳಲು ಏನೂ ಇರಲಿಲ್ಲ.

ಆಮೇಲೆ ಟ್ಯಾಂಕು. ಬಗ್ಗಿ ಎತ್ತಿದೆ, ಸೊಂಟ ಹಿಡಿದುಕೊಂಡಿತು. ಉಕ್ಕಿನ ಟ್ಯಾಂಕು, ಖಾಲಿ ಇದ್ದರೂ ಭಾರವೇ. ಆದರೆ ಖಾಲಿ ಟ್ಯಾಂಕನ್ನು ಎಷ್ಟು ಸಲ ಕಾರಿಗೆ ಹಾಕಿಲ್ಲ ನಾನು? ಈ ಭಾರ ಬೇರೆ.

ಒಂದು ನಿಮಿಷ ಅಲ್ಲೇ ಕುರ್ಚಿಯಲ್ಲಿ ಕೂತೆ. ಸಂತೋಷವಾಗಬೇಕಿತ್ತು. ಹೊರಗೆ ಹೋಗಿ ಮಾರ್ಲಿಸ್, ನೀವೇನೂ ಮಾಡಿಲ್ಲ ಅನ್ನಬಹುದಿತ್ತು. ಆದರೆ ಟ್ಯಾಂಕು ಸೋರಿಲ್ಲ ಅಂದರೆ ಮೇಷ್ಟ್ರನ್ನು ಕೊಂದ ಗ್ಯಾಸು ಎಲ್ಲಿಂದ ಬಂತು? ಇನ್ನೊಂದು ಟ್ಯಾಂಕು ಆ ಕೋಣೆಗೆ ಬಂದಿತ್ತು, ಕೆಲಸ ಮುಗಿಸಿ ಹೋಗಿತ್ತು. ಟ್ಯಾಂಕಿಗೆ ಕಾಲಿಲ್ಲ.

ಮಾರ್ಲಿಸ್‌ಗೆ ಮನೆಗೆ ಹೋಗಿ ಅಂದೆ. ಖಾಲಿ ಮನೆಗೆ ಹೋಗಲ್ಲ ಅಂದರು. ಸರಿ, ನನ್ನ ಕಾರಿನಲ್ಲಿ ಕೂತಿರಿ, ಇಳಿಯಬೇಡಿ ಅಂದೆ. ಡ್ವೇನ್ ಅಂಗಡಿಗೆ ಅಂದಾಗ ಯಾಕೆ ಅಂತ ಕೇಳಿದರು. ಅವನು ಪಾಪ ದಿನಾ ಬೇಯಿಸಿದ್ದು ತಂದುಕೊಡ್ತಿದ್ದಾನೆ, ಅವನಿಗೆ ತೊಂದರೆ ಕೊಡಬೇಡ ಅಂತಲೂ ಅಂದರು. ನಾನು ಹೀಟರ್ ಹಾಕಿ ಕಾರು ಹೊರಡಿಸಿದೆ.

ಅವತ್ತು ಶನಿವಾರ; ಶನಿವಾರಗಳಂದು ಡ್ವೇನ್ ಅಂಗಡಿಯಲ್ಲಿ ಒಂದು ಪದ್ಧತಿ. ಬಂದವರು ತಮ್ಮ ಟ್ಯಾಂಕನ್ನು ಕೌಂಟರಿನ ಮುಂದೆ ಸಾಲಾಗಿ ಇಟ್ಟು ಮೂಲೆಯ ಹೋಟೆಲಿಗೆ ಕಾಫಿ ಕುಡಿಯಲು ಹೋಗುತ್ತಾರೆ. ಅವನು ಒಂದೊಂದಾಗಿ ಎತ್ತಿ ಮೊದಲು ತಕ್ಕಡಿಯ ಮೇಲಿಡುತ್ತಾನೆ. ಈ ಗ್ಯಾಸಿನ ಗುಣವೇ ಅಂಥದ್ದು. ಒಳಗೆ ಅದು ನೀರಿನ ಹಾಗೆ ದ್ರವವಾಗಿರುತ್ತದೆ, ಕೊನೆಯ ತೊಟ್ಟು ಮುಗಿಯುವವರೆಗೂ ಮುಳ್ಳು ಅಲ್ಲಾಡುವುದಿಲ್ಲ. ಮುಳ್ಳು ನಂಬಿದವನು ಹಬ್ಬದ ದಿನ ನೊರೆಯಿಲ್ಲದ ಬಿಯರ್ ಕುಡಿಯುತ್ತಾನೆ. ಟ್ಯಾಂಕಿನ ಹೆಗಲ ಮೇಲೆ ಅದರ ಖಾಲಿ ತೂಕ ಕೆತ್ತಿರುತ್ತದೆ. ತೂಕ ನೋಡು, ಕೆತ್ತಿದ್ದನ್ನು ಕಳೆ. ಅಷ್ಟೇ ಶಾಸ್ತ್ರ.

ಮೇಷ್ಟ್ರ ಟ್ಯಾಂಕಿನ ಮೇಲಿದ್ದ, ಅವರ ಹೆಸರು ಬರೆದ ಬಿಯರ್ ಸಂಘದ ಚೀಟಿಯನ್ನು ಗೋಡೆಗೆ ತಿರುಗಿಸಿ ಸಾಲಿನ ಕೊನೆಯಲ್ಲಿ ಇಟ್ಟೆ. ರೆಗ್ಯುಲೇಟರ್ ನನ್ನ ಕೈಚೀಲದಲ್ಲಿತ್ತು. ಕೈಗವಸಿನ ರ‍್ಯಾಕಿನ ಹಿಂದೆ ಹೋಗಿ ಅಳತೆ ನೋಡುವವಳ ಹಾಗೆ ನಿಂತೆ.

ಡ್ವೇನ್ ಒಳಗಿನಿಂದ ಬಂದ. ಅರವತ್ತಾದರೂ ಎತ್ತಿನಂಥ ಮೈ. ನಾವಿಬ್ಬರೂ ಒಂದೇ ತರಗತಿ. ಮೇಷ್ಟ್ರು ಅವನನ್ನು ಮಗನ ಹಾಗೆ ನೋಡಿಕೊಂಡಿದ್ದರು, ಬಿಯರ್ ಮಾಡುವುದು ಕಲಿಸಿದ್ದೂ ಅವರೇ. ಶವದ ಪೆಟ್ಟಿಗೆಗೆ ಮುಂದೆ ಹೆಗಲು ಕೊಟ್ಟವನೂ ಇವನೇ.

ಒಂದು ಟ್ಯಾಂಕು ಎತ್ತಿದ, ತೂಗಿದ, ತುಂಬಿಸಿದ. ಇನ್ನೊಂದು. ಮುಖ ನೋಡಿದರೆ ನಿದ್ದೆ ಕಂಡು ವಾರವಾದವನ ಹಾಗಿದ್ದ. ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಮೇಷ್ಟ್ರ ಟ್ಯಾಂಕಿನ ಸರದಿ ಬಂತು. ಎತ್ತಿದ, ತಕ್ಕಡಿಗೆ ಇಟ್ಟ, ಹೆಗಲ ಮೇಲಿನ ಅಂಕಿಗೆ ಬೆರಳಿಟ್ಟು ಓದಿದ.

"ಇದ್ಯಾರದಪ್ಪ? ಕಂಠಮಟ್ಟ ತುಂಬಿದೆ. ತುಂಬಿರೋದನ್ನ ತುಂಬಿಸೋಕೆ ತಂದಿದ್ದೀರಲ್ಲ."

"ಮೇಷ್ಟ್ರದು," ಅಂದೆ ನಾನು.

ಅವನು ನನ್ನ ಕಡೆ ನೋಡಲಿಲ್ಲ. ಟ್ಯಾಂಕನ್ನು ನಿಧಾನವಾಗಿ ತಿರುಗಿಸಿ ಸಂಘದ ಚೀಟಿ ನೋಡಿದ. ಆಮೇಲೆ ತಕ್ಕಡಿ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಅಷ್ಟೂ ಮಾಡಲಿಲ್ಲ. ಹೋಗಿ ಬಾಗಿಲ ಮೇಲಿನ ಹಲಗೆಯನ್ನು "ಮುಚ್ಚಿದೆ" ಅನ್ನುವ ಕಡೆಗೆ ತಿರುಗಿಸಿ ಬಂದ.

"ಚೆನ್ನಾಗಿ ಆಡಿದೆ ಕಣೇ ಲೊರೇನ್. ಹಕ್ಕಿಗೂಡು ಮಾಡೋಕೆ ಬರದಿದ್ರೂ ಬಲೆ ಹಾಕೋಕೆ ಕಲ್ತಿದ್ದೀಯ."

ಖಾಲಿಯಾಗಿತ್ತು ಅಂತ ಹೇಳಿಕೆ ಕೊಟ್ಟಿದ್ದೀಯಲ್ಲ ಅಂತ ಕೇಳಿದೆ. ತಾನು ವಾಲ್ವು ಮುಚ್ಚಿದ್ದೇನೋ ನಿಜ, ಗಾಬರಿಯಲ್ಲಿ ಖಾಲಿ ಅಂದಿರಬೇಕು ಅಂದ. ಚೀಲದಿಂದ ರೆಗ್ಯುಲೇಟರ್ ತೆಗೆದು ಕೌಂಟರಿನ ಮೇಲೆ, ಅವನ ಮೂಗಿನ ಕೆಳಗೆ, ಬಾಯಿ ಮೇಲೆ ಮಾಡಿ ಇಟ್ಟೆ.

"ಇದಕ್ಕೆ ವಾಷರ್ ಬೇಕಾ ಡ್ವೇನ್?"

ಅವನು ರೆಗ್ಯುಲೇಟರನ್ನು ಬೆರಳ ತುದಿಯಿಂದ ಆಚೆ ಸರಿಸಿದ.

"ಯಾವ ಟ್ಯಾಂಕಿಗೆ ಯಾವುದು ಕೂರುತ್ತೆ ಅಂತ ಊರಿಗೆಲ್ಲ ಜೋಡಿ ನೋಡಿ ಕೊಡೋನು ನೀನು. ಈ ಬಳೆ ನಿನಗೆ ಕಾಣಿಸ್ಲಿಲ್ಲ ಅಂದ್ರೆ ನಾನು ನಂಬ್ತೀನಾ? ಸಾರ್ಜೆಂಟ್ ಮುಂದೆ ನಿಂತು ವಾಷರ್ ಇಲ್ಲ, ಪಾಪ ಮಾರ್ಲಿಸ್ ಮರೆತಿದ್ದಾರೆ ಅಂದೆ. ಆ ಹೆಂಗಸು ಅನ್ನ ನೀರು ಬಿಟ್ಟು ಕೂತಿದೆ. ಅವರಿಗೆ ದಿನಾ ಬೇಯಿಸಿಕೊಂಡು ಹೋಗಿ ಕೊಡ್ತೀಯ. ಹೇಗೆ ಕೈ ಬರುತ್ತೆ ನಿನಗೆ?"

ಅವನು ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಕುಸಿದು ಕೂತ. ಬಹಳ ಹೊತ್ತು ಮುಖ ಉಜ್ಜಿಕೊಂಡ. ಆಮೇಲೆ ಹೇಳಿದ್ದನ್ನು ಅವನ ದನಿಯಲ್ಲೇ ಕೇಳಬೇಕಿತ್ತು. ಅಷ್ಟು ಸುಸ್ತಾದ ದನಿ.

ಮೇಷ್ಟ್ರೇ ಕೇಳಿಕೊಂಡರಂತೆ. ಕೈ ಹೋಯಿತು, ಇನ್ನು ಕಾಲೂ ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರಂತೆ. ಚಮಚ ಹಿಡಿಯಲೂ ಹೆಂಡತಿ ಬೇಕಾದ ಬದುಕು ಸಾಕು ಅಂದರಂತೆ. ದೊಡ್ಡ ಟ್ಯಾಂಕೊಂದು ತಂದಿಡು, ವಾಲ್ವು ನಾನೇ ತಿರುಗಿಸಿಕೊಳ್ಳುತ್ತೇನೆ, ಶುಕ್ರವಾರ ಸಂಜೆ ಬಂದು ಯಾರಿಗೂ ಕಾಣದ ಹಾಗೆ ತೆಗೆದುಕೊಂಡು ಹೋಗು, ಆಕಸ್ಮಿಕ ಅನ್ನುವ ಹಾಗೆ ಇರಲಿ ಅಂತ ಭಾನುವಾರ ಚರ್ಚಿನ ಹೊರಗೆ ನಿಂತು ಹೇಳಿದರಂತೆ. ಗುರುವಾರ ಇಬ್ಬರೂ ಆಸ್ಪತ್ರೆಗೆ ಹೋಗಿದ್ದಾಗ ಇವನು ಹಿತ್ತಲ ಕಡೆಯ ಬಾಗಿಲಿನಿಂದ ಟ್ಯಾಂಕು ಇಳಿಸಿ, ಪೀಪಾಯಿಗಳ ಹಿಂದೆ ಮರೆಮಾಡಿ ಬಂದ. ಶುಕ್ರವಾರ ಸಂಜೆ ಮಾರ್ಲಿಸ್ ಮೇಲೆ ಫೋನಿನಲ್ಲಿದ್ದಾಗ ಅದೇ ಬಾಗಿಲಿನಿಂದ ತನ್ನ ವ್ಯಾನಿಗೆ ಹಾಕಿದ.

"ಭಾನುವಾರದ ಮೇಲೆ ಅವರ ಹತ್ರ ಮಾತಾಡಿದೆಯಾ?"

"ಇಲ್ಲ. ಮುಖ ನೋಡೋ ಧೈರ್ಯ ಇರ್ಲಿಲ್ಲ. ಶುಕ್ರವಾರ ಸಂಜೆ ಹೋದದ್ದೇ. ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು."

"ಮಾರ್ಲಿಸ್ ಮೇಲೆ ಯಾಕೆ ಹಾಕಿದೆ?"

"ನೀನೇ ಹೇಳು. ಹೆಂಡತಿ ವಾಷರ್ ಮರೆತಳು ಅಂದ್ರೆ ಊರು ಅಯ್ಯೋ ಅಂತ ಅಂದು ಸುಮ್ಮನಾಗುತ್ತೆ. ಗಂಡ ಬೇಕಂತಲೇ ಬಿಟ್ಟು ಹೋದ ಅಂತ ಗೊತ್ತಾದ್ರೆ ಅವರು ಬದುಕ್ತಾರಾ? ಒಂದು ತಪ್ಪು ಮಾಡಿದೆ ಅಂದ್ಕೊಂಡು ಬದುಕಬಹುದು ಲೊರೇನ್. ಬೇಡವಾದೆ ಅಂದ್ಕೊಂಡು ಆಗಲ್ಲ."

ನಾನು ರೆಗ್ಯುಲೇಟರನ್ನು ಸುಮ್ಮನೆ ತಿರುಗಿಸುತ್ತಾ ನಿಂತೆ. ನಿಜ ಹೇಳಬೇಕೆಂದರೆ ಆ ಗಳಿಗೆ ನಾನು ಅವನನ್ನು ನಂಬಿದೆ. ನಂಬುವುದು ಸುಲಭವಾಗಿತ್ತು. ಮೇಷ್ಟ್ರ ಸೊಟ್ಟ ಬೆರಳು ನೋಡಿದವರು ಯಾರಾದರೂ ನಂಬುತ್ತಿದ್ದರು. ಹೊರಗೆ ಕಾರಿನಲ್ಲಿ ಕೂತ ಹೆಂಗಸಿಗೆ ಎರಡರಲ್ಲಿ ಯಾವುದನ್ನು ಹೇಳಲಿ, ಎರಡೂ ಹೇಳದೆ ಮನೆಗೆ ಹೋಗಿ ಮಲಗಿಬಿಡಲೇ ಅಂತಲೂ ಅನ್ನಿಸಿತು.

"ಆ ಕೈಯಲ್ಲಿ ಅವರಿಗೆ ವಾಲ್ವು ತಿರುಗಿಸೋಕೆ ಆಗ್ತಿರ್ಲಿಲ್ಲ ಡ್ವೇನ್."

ಮಾತು ಬಂದದ್ದು ನನ್ನ ಬೆನ್ನ ಹಿಂದಿನಿಂದ. ಬಾಗಿಲು ಯಾವಾಗ ತೆರೆಯಿತೋ ಗೊತ್ತಾಗಲಿಲ್ಲ. ಮಾರ್ಲಿಸ್ ಒಳಗೆ ನಿಂತಿದ್ದರು, ಕೈಯಲ್ಲಿ ಪೆಪ್ಪರ್‌ಮಿಂಟಿನ ಡಬ್ಬಿ. ಎಷ್ಟು ಕೇಳಿಸಿಕೊಂಡಿದ್ದರೋ. ಮುಖದಲ್ಲಿ ಅಳುವಿರಲಿಲ್ಲ.

"ಹೆರಿಂಗ್ ಬಾಟ್ಲಿ ಮುಚ್ಚಳ ತೆಗೆಯೋಕೆ ನನ್ನ ಕರೀತಿದ್ರು. ಮಾತ್ರೆ ಡಬ್ಬಿಗೆ ನನ್ನ ಕರೀತಿದ್ರು. ಟ್ಯಾಂಕಿನ ವಾಲ್ವು ಅವರಿಗೆ ಹೇಗೆ ತಿರುಗುತ್ತೆ?"

ನನ್ನ ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಇದೇ ಮಾತು ನನ್ನ ಮೇಜಿನ ಮೇಲೆ ಬಿದ್ದಿತ್ತು. ಮೇಷ್ಟ್ರ ಕೈ ನಡೆಯುತ್ತಿರಲಿಲ್ಲ ಅನ್ನುವ ಕಾರಣಕ್ಕೇ ಈಕೆಯ ಮೇಲೆ ತಪ್ಪು ಹೊರಿಸಿದ್ದು. ಅದೇ ಕೈ ತಾನಾಗಿ ಸಾಯುವುದಕ್ಕೆ ಮಾತ್ರ ಹೇಗೆ ನಡೆದೀತು? ಇದಕ್ಕೆ ಪತ್ತೇದಾರಿ ಅಂತ ಸಂಬಳ ಬೇರೆ ನನಗೆ.

ಡ್ವೇನ್ ಎದ್ದ. ಅವನ ಮುಖದಲ್ಲಿ ನಾಚಿಕೆ ಇದ್ದದ್ದು ನಿಜ, ಅಥವಾ ನನಗೆ ಹಾಗೆ ಕಂಡಿತು. ಮಾರ್ಲಿಸ್ ಹತ್ತಿರ ಹೋಗಿ, ಕೆಟ್ಟ ಸುದ್ದಿ ಹೇಳುವ ಡಾಕ್ಟರನ ಹಾಗೆ ಮೆತ್ತಗೆ ಮಾತಾಡಿದ.

"ತಿರುಗಿಸಿದ್ದು ಅವರಲ್ಲ ಮಾರ್ಲಿಸ್. ನೀವು. ಇದನ್ನ ನಿಮಗೆ ಹೇಳಬಾರದು ಅಂತ ನಾನು ಎಷ್ಟು ಒದ್ದಾಡಿದೆ ಗೊತ್ತಾ? ಒಗೆದ ಬಟ್ಟೆ ತಗೊಂಡು ಮೇಲೆ ಹೋಗೋವಾಗ ಕೋಣೆಯಿಂದ ಕರೆದ್ರು, ಒಂಚೂರು ತಿರುಗಿಸಿಕೊಡು ಅಂತ. ಬುಟ್ಟಿ ಸೊಂಟದ ಮೇಲೇ ಇತ್ತು. ಒಳಗೆ ನೋಡದೆ ಕೈ ಚಾಚಿದ್ರಿ, ತಿರುಗಿಸಿದ್ರಿ, ಮೇಲೆ ಹೋದ್ರಿ. ಯಾವತ್ತೂ ಮಾಡೋ ಹಾಗೆ. ನಿಮ್ಮ ತಪ್ಪಲ್ಲ ಅದು."

ಮಾರ್ಲಿಸ್ ಡಬ್ಬಿಯನ್ನು ಕೌಂಟರಿನ ಮೇಲಿಟ್ಟರು. ಬಲಗೈ ಎತ್ತಿ ಅಂಗೈ ನೋಡಿಕೊಂಡರು. ನಾನು ಅವರ ತೋಳು ಹಿಡಿದುಕೊಂಡೆ, ಬೀಳುತ್ತಾರೆ ಅಂತಲೇ ಅಂದುಕೊಂಡೆ. ನನಗೆ ಅಳು ಬಂತು. ಬೆಳಿಗ್ಗೆ ಆಕೆ ಬರೆದುಕೊಡಲು ಬಂದಿದ್ದ ತಪ್ಪು ಇದಕ್ಕಿಂತ ಎಷ್ಟು ಹಗುರವಾಗಿತ್ತು.

"ಹೌದು," ಅಂದರು ಮಾರ್ಲಿಸ್. "ಕರೆದ್ರು. ಮರೆತೇ ಹೋಗಿತ್ತು. ಬಾಟ್ಲಿಗೆ ಒಂದು ಸಲ, ಆಮೇಲೆ ಇನ್ನೊಂದು ಸಲ. ಟ್ಯಾಂಕು ಬಾಗಿಲ ಪಕ್ಕದಲ್ಲೇ ಇತ್ತು. ತಿರುಗಿಸಿದೆ. ಸುಯ್ ಅಂತು. ನಾನು ಮೇಲೆ ಬಂದೆ."

ತಕ್ಕಡಿಯ ಮೇಲೆ ಮೇಷ್ಟ್ರ ಟ್ಯಾಂಕು ಹಾಗೇ ನಿಂತಿತ್ತು.

ನನ್ನ ತಲೆಯೊಳಗೆ ಏನೋ ಮೆಲ್ಲಗೆ ತಿರುಗತೊಡಗಿತ್ತು, ಆದರೆ ಮಾರ್ಲಿಸ್ ನನಗಿಂತ ಮುಂಚೆ ಅಲ್ಲಿಗೆ ಮುಟ್ಟಿದರು. ಅವರು ತಲೆಯೆತ್ತಿ ಡ್ವೇನ್ ಮುಖ ನೋಡಿದರು.

"ಇದನ್ನ ನಾನು ಲೊರೇನ್‌ಗೂ ಹೇಳಿಲ್ಲ. ನನಗೇ ನೆನಪಿರ್ಲಿಲ್ಲ. ಬುಟ್ಟಿ ನನ್ನ ಸೊಂಟದ ಮೇಲಿತ್ತು ಅಂತ ನಿನಗೆ ಯಾರು ಹೇಳಿದ್ರು?"

"ಮೇಷ್ಟ್ರು..."

"ಆಮೇಲೆ ಅವರು ಯಾರ ಹತ್ರನೂ ಮಾತಾಡ್ಲಿಲ್ಲ."

ಡ್ವೇನ್ ನಮ್ಮಿಬ್ಬರನ್ನೂ ಬಳಸಿಕೊಂಡು ಬಾಗಿಲ ಹತ್ತಿರ ನಡೆದ. ಓಡಲಿಲ್ಲ. ಅವಸರವೇ ಇಲ್ಲದವನ ಹಾಗೆ ಬಾಗಿಲ ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ನನ್ನ ಕೈ ಕೋಟಿನೊಳಗಿನ ಪಿಸ್ತೂಲಿಗೆ ಹೋಯಿತು.

ಮಾರ್ಲಿಸ್‌ಗೆ ಇದ್ಯಾವುದೂ ಕಾಣಿಸಿದ ಹಾಗಿರಲಿಲ್ಲ. ಅವರು ಇನ್ನೂ ಅಂಗೈಯನ್ನೇ ನೋಡುತ್ತಿದ್ದರು, ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಾ, ಬಿಡಿಸುತ್ತಾ.

"ಒಳಗೆ ಕತ್ತಲಿತ್ತು ಲೊರೇನ್. ವಾಲ್ವು ಎಲ್ಲಿದೆ ಅಂತ ಕಾಣ್ಲಿಲ್ಲ. ನನ್ನ ಕೈ ಹಿಡಿದು ಅದರ ಮೇಲೆ ಇಟ್ರು. ಬೆಚ್ಚಗಿತ್ತು ಆ ಕೈ." ಅವರು ನಿಧಾನವಾಗಿ ಬಾಗಿಲ ಕಡೆ 
ತಿರುಗಿದರು. "ಬೆರಳೆಲ್ಲ ನೆಟ್ಟಗಿದ್ದವು."